ಯಾವ ಬಾವಲಿಗವಿ?

ಹದಿನೇಳು ಸೆಕೆಂಡಿನ ಧ್ವನಿ ಸಂದೇಶ. ಜೀಪಿನ ಬಾನೆಟ್ಟಿನ ಮೇಲೆ ಫೋನಿಟ್ಟು ಮೂವರೂ ಅದನ್ನು ಏಳನೇ ಸಲ ಕೇಳಿದರು.

“ರಕ್ಷಾ... ಬಾವಲಿಗವಿ ತಾವ ಜಾರಿ ಬಿದ್ಬುಟ್ಟೆ ಕಣವ್ವ. ಬಲಗಾಲು ಮುರ್ದೋಗೈತೆ. ಏಳಕ್ಕಾಗ್ತಿಲ್ಲ. ಕುರಿ ಎಲ್ಲಾ ಸುತ್ತ ನಿಂತವೆ. ಕುಡಿಯಾಕೆ ನೀರಿಲ್ಲ...”

ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಸಲ ಕರೆ ಮಾಡಿದರೂ ‘ಸ್ವಿಚ್ ಆಫ್’ ಅನ್ನುವ ಹೆಂಗಸೇ ಉತ್ತರ ಕೊಡುತ್ತಿದ್ದಳು.

ಮಾತಾಡಿದ್ದು ದೊಡ್ಡರಂಗಪ್ಪ. ಬಡವನಹಳ್ಳಿ ಕಡೆಯ ಕುರಿಗಾಹಿ, ಅರವತ್ತು ದಾಟಿದವರು. ತುಟಿ ಕಚ್ಚಿಕೊಂಡು ಕೇಳುತ್ತಿದ್ದವಳು ಅವರ ಮಗಳು ರಕ್ಷಾ, ಮಧುಗಿರಿಯಲ್ಲಿ ನರ್ಸು. ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕೆಂದು ಬರಿ ಹೊಲದಲ್ಲಿ ಕುರಿಮಂದೆ ಹಾಕಿಸುತ್ತಾರೆ. ಒಬ್ಬರ ಹೊಲ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಕರೆಯುತ್ತಾರೆ. ಹೀಗೆ ಅರವತ್ತು ಕುರಿಗಳ ಹಿಂದೆ ಊರೂರು ನಡೆಯುತ್ತ ದೊಡ್ಡರಂಗಪ್ಪ ಮನೆಬಿಟ್ಟು ಹನ್ನೊಂದು ದಿನ. ಈಗ ಯಾವ ಊರಲ್ಲಿದ್ದಾರೆ ಎಂಬುದು ಅವರ ಹೆಂಡತಿ ಕೊಲ್ಲಾಪುರಮ್ಮನಿಗೂ ಗೊತ್ತಿರಲಿಲ್ಲ.

“ಬಾವಲಿಗವಿ ಅಂದಿದ್ದಾರಲ್ಲ, ಸಾಕಲ್ವಾ?” ಎಂದ ಪ್ರಭುದೇವ್.

“ಸಾಕಾ?” ಅರಣ್ಯ ಇಲಾಖೆಯ ವಾಚರ್ ನಂದೀಶ್ವರಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮೂವತ್ತು ವರ್ಷ ಈ ಬೆಟ್ಟಗಳನ್ನು ಹತ್ತಿ ಇಳಿದ ಮನುಷ್ಯ. “ಲೇ ಪ್ರಭು, ಬಂಡೆ ಇದ್ದ ಕಡೆ ಗವಿ, ಗವಿ ಇದ್ದ ಕಡೆ ಬಾವಲಿ. ಮಧುಗಿರಿ ಬೆಟ್ಟದ ಹಿಂದ್ಗಡೆ ಒಂದು ಬಾವಲಿಗವಿ. ಸಿರಾ ಕಡೆ ಒಂದು. ಪಾವಗಡದಾಗೆ ಒಂದು. ಚನ್ನರಾಯನದುರ್ಗದಾಗೆ ಒಂದು. ಪ್ರತಿ ಊರ್ನೋರೂ ನಮ್ದೇ ಬಾವಲಿಗವಿ ಅಂತಾರೆ, ಇನ್ನೊಂದು ಐತೆ ಅಂದ್ರೆ ಜಗಳಕ್ಕೆ ಬತ್ತಾರೆ.”

“ಅಪ್ಪ ಎಷ್ಟೊತ್ತು ತಡೀತಾರೆ ಅಯ್ನೋರೆ?”

“ಅದು ನಿಂಗೇ ಚೆನ್ನಾಗಿ ಗೊತ್ತು ಕಣಮ್ಮ, ನರ್ಸು ನೀನು. ನಂಗೆ ಗೊತ್ತಿರೋದು ಒಂದೇ. ಬೆಟ್ಟದಾಗೆ ಸಂಜೆ ಕರಡಿ ಇಳೀತದೆ. ಅಷ್ಟ್ರೊಳಗೆ ಸಿಗ್ಬೇಕು.”

ಬೆಳಿಗ್ಗೆ ಏಳು ಗಂಟೆ. ಪೊಲೀಸರಿಗೆ ಸುದ್ದಿ ಹೋಗಿತ್ತು, ಊರಿನವರು ಬೈಕು ಹತ್ತಿ ಹೊಲಹೊಲ ಹುಡುಕುತ್ತಿದ್ದರು. ಬೆಟ್ಟ ಈ ಮೂವರ ಪಾಲು.

ಜೀಪು ಪ್ರಭುದೇವನದು, ಮೇಲೆ ಎರಡು ಲೌಡ್‌ಸ್ಪೀಕರು. ಬಿ.ಎ. ಮುಗಿಸಿ ಪ್ರಚಾರದ ಮೈಕು ಹಿಡಿದವನು. ಚುನಾವಣೆ, ಸೀರೆ ಸೇಲು, ಕಳೆದುಹೋದ ಎಮ್ಮೆ, ಎಲ್ಲವನ್ನೂ ಬೇರೆಬೇರೆ ಗಂಟಲಲ್ಲಿ ಕೂಗುತ್ತಿದ್ದ. ಪಿಯು ಕಾಲೇಜಿನಲ್ಲಿ ರಕ್ಷಾಳ ಹಿಂದಿನ ಬೆಂಚು. ಪ್ರಿನ್ಸಿಪಾಲರ ದನಿಯಲ್ಲಿ ಇಡೀ ತರಗತಿಗೆ ರಜೆ ಕೊಟ್ಟು ತಾನು ಹದಿನೈದು ದಿನ ‘ರಜೆ’ ಪಡೆದಿದ್ದ ಪುಣ್ಯಾತ್ಮ.

ಕಂಡವರ ದನಿ ಕದಿಯುವ ಅವನ ಕಿವಿಗೆ ಸಂದೇಶದಲ್ಲಿ ಇನ್ನೇನೋ ಕೇಳಿಸಿತ್ತು. “ಕೊನೇಲಿ ಕೇಳಿ. ‘ನೀರಿಲ್ಲ’ ಅಂದ್ಮೇಲೆ ‘ಇಲ್ಲ... ಇಲ್ಲ’ ಅಂತ ಎರಡು ಸಲ ವಾಪಸ್ ಬರ್ತಿದೆ. ಎದುರಿಗೆ ಯಾವುದೋ ಗೋಡೆ ಇದೆ. ಗವಿ ಹತ್ರ ಹೋಗಿ ಅವರ ದನೀಲಿ ಇದನ್ನೇ ಕೂಗ್ತೀನಿ. ಎರಡು ಸಲ ವಾಪಸ್ ಬಂದ್ರೆ ಅದೇ ಬೆಟ್ಟ.”

“ಮಂಗಚೇಷ್ಟೆ ಒಂದ್ಸಲ ಕೆಲ್ಸಕ್ಕೆ ಬರ್ಲಿ ನಡಿ,” ಎಂದಳು ರಕ್ಷಾ.

ಹತ್ತಿರದ್ದು ಮಧುಗಿರಿ. ಅಲ್ಲಿಂದಲೇ ಶುರು.

ಬೆಟ್ಟವೆಂದರೆ ಅದು ಬೆಟ್ಟಗಳ ಸಾಲಲ್ಲ, ಒಂದೇ ಒಂದು ಕಲ್ಲು. ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂತ ಆನೆಯ ಹಾಗೆ, ಊರಿಗೆ ಮುಖ ಕೊಟ್ಟು ಬೆನ್ನನ್ನು ಆಚೆಯ ಕುರುಚಲು ಕಾಡಿಗೆ ಚಾಚಿದೆ. ಪ್ರವಾಸಿಗರು ಹತ್ತುವುದು ಮುಖದ ಕಡೆಯಿಂದ, ಮೆಟ್ಟಿಲು ಹಿಡಿದು, ಸೆಲ್ಫಿ ಹೊಡೆದು. ನಂದೀಶ್ವರಯ್ಯ ಕರೆದೊಯ್ದದ್ದು ಬೆನ್ನಿನ ಕಡೆಯಿಂದ. ಅಲ್ಲಿ ಮೆಟ್ಟಿಲೂ ಇಲ್ಲ, ನೆಟ್‌ವರ್ಕೂ ಇಲ್ಲ. ಕತ್ತಾಳೆ, ಲಂಟಾನ, ಕಾಲಿಟ್ಟರೆ ಉರುಳುವ ಸಣ್ಣ ಕಲ್ಲು. ಒಂದು ಕಡೆ ಬಂಡೆ ಛಾವಣಿಯಂತೆ ಮುಂದೆ ಬಾಗಿತ್ತು. ಅದರಡಿಯಲ್ಲಿ ಮೊರದಗಲದ ಕಪ್ಪು ತಟ್ಟೆಗಳು ತೂಗುತ್ತಿದ್ದವು. ಒಂದಲ್ಲ, ಒಂಬತ್ತು.

ನಂದೀಶ್ವರಯ್ಯ ಕೈ ಎತ್ತಿದರು. “ಹೆಜ್ಜೇನು. ಯಾರು ಸೆಂಟು ಹಾಕ್ಕೊಂಡಿರೋದು?”

ಪ್ರಭುದೇವ್ ಮೆಲ್ಲನೆ ಕೈ ಎತ್ತಿದ.

“ಕಾಡಿಗೆ ಬರೋಕೆ ಸೆಂಟು! ಹೆಣ್ಣು ನೋಡಕ್ಕೆ ಬಂದಿದ್ಯೇನ್ಲಾ? ಮಣ್ಣು ಬಳ್ಕೊ.”

“ಹೆಜ್ಜೇನು ಇರೋ ಕಡೆ ಹೆಜ್ಜೆ ಏನು ಇಡೋದು ಅಯ್ನೋರೆ,” ಎಂದು ಗೊಣಗುತ್ತ ಅವನು ಕುತ್ತಿಗೆ, ತೋಳಿಗೆಲ್ಲ ಕೆಮ್ಮಣ್ಣು ತಿಕ್ಕಿಕೊಂಡ. ಮೂವರೂ ಉಸಿರು ಹಿಡಿದು, ಬಂಡೆಗೆ ಬೆನ್ನು ಹಚ್ಚಿ, ಏಡಿಗಳಂತೆ ಅಡ್ಡಡ್ಡ ಸರಿದರು. ತಲೆಯ ಮೇಲೆ ಟ್ರಾನ್ಸ್‌ಫಾರ್ಮರಿನಂಥ ಗುಂಯ್‌ಗುಡಿತ. ಬೆವರು ಕಣ್ಣಿಗಿಳಿದರೂ ಯಾರೂ ಒರೆಸಿಕೊಳ್ಳಲಿಲ್ಲ.

ಐವತ್ತು ಮಾರು ಆಚೆ ಗವಿ. ಬಾವಲಿ ಇದ್ದವು. ದೊಡ್ಡರಂಗಪ್ಪ ಇರಲಿಲ್ಲ. ಒಂದು ಹಿಕ್ಕೆಯೂ ಇರಲಿಲ್ಲ.

“ಬಂಡೆ ಹಿಂದೆ ಎಲ್ಲಾದ್ರೂ ಬಿದ್ದಿರ್ಬೋದು,” ರಕ್ಷಾ ಪಿಸುಗುಟ್ಟಿದಳು. “ಕೂಗಿ ನೋಡು.”

ಪ್ರಭುದೇವ್ ಹಿಂದೆ ತಿರುಗಿ ಜೇನಿನ ಕಡೆ ನೋಡಿದ. ಕಣ್ಣು ಮುಚ್ಚಿ ಕೂಗಿದ. “ಕುಡಿಯಾಕೆ ನೀರಿಲ್ಲ!”

ದನಿ ಬಯಲಿಗೆ ಹಾರಿಹೋಯಿತು. ವಾಪಸ್ಸು ಬರಲಿಲ್ಲ. ವಾಪಸ್ಸು ಬಂದದ್ದು ಜೇನು.

“ಒಳಿಕ್ಕೆ!”

ಮೂವರೂ ಗವಿಗೆ ಬಿದ್ದರು. ನಂದೀಶ್ವರಯ್ಯ ಹೆಗಲ ಕಂಬಳಿಯನ್ನು ಗವಿಯ ಬಾಯಿಗೆ ಅಡ್ಡ ಹಿಡಿದರು. ಹೊರಗೆ ಆಲಿಕಲ್ಲು ಬಿದ್ದಂತೆ ಟಪಟಪ. ಒಳಗೆ ಗಾಬರಿಗೊಂಡ ಬಾವಲಿಗಳು ಮೇಲಿನಿಂದ ತಮ್ಮ ಅಭಿಪ್ರಾಯವನ್ನು ದ್ರವರೂಪದಲ್ಲಿ ತಿಳಿಸಿದವು. ಒಂದೂವರೆ ಗಂಟೆ ಹಾಗೇ ಕೂತರು. ಪ್ರಭುದೇವನಿಗೆ ಮೂರು ಕಡಿತ, ಅದರಲ್ಲೊಂದು ಮೇಲ್ದುಟಿಗೆ.

“ಇನ್ಮೇಲೆ ಯಾರ ದನಿ ಮಾಡಿದ್ರೂ ಒಂದೇ ಥರ ಕೇಳ್ಸುತ್ತೆ ಬುಡು,” ಎಂದಳು ರಕ್ಷಾ. ನಗಲು ಹೋಗಿ ಅವಳ ಕಣ್ಣು ತುಂಬಿತು. “ಹನ್ನೊಂದೂವರೆ ಆಯ್ತು ಪ್ರಭು.”

ಕೆಳಗಿಳಿದು ಜೀಪು ಸೇರಿದ್ದೇ ಫೋನುಗಳು ಬಿಸಿಯಾದವು. ರಕ್ಷಾ ‘ಬಾವಲಿಗವಿ’ ಎಂದು ಹುಡುಕಿದರೆ ಬಂದದ್ದೇನು? ಯಾವುದೋ ಕಾಲೇಜು ಹುಡುಗರು ತೆಗೆದ ಹನ್ನೆರಡು ನಿಮಿಷದ ಭೂತದ ಸಿನಿಮಾ ‘ಬಾವಲಿಗವಿ’. ಬಾವಲಿಗವಿ ಬಡಾವಣೆ, ಸೈಟುಗಳು ಲಭ್ಯ. ಬಾವಲಿಗವಿ ಮುದ್ದೆ ಹೋಟೆಲು, ಸಿರಾ ಹೆದ್ದಾರಿ, ನಾಲ್ಕೂವರೆ ನಕ್ಷತ್ರ.

“ಮುದ್ದೆಯೋನ್ಗೇ ಮಾಡಮ್ಮ,” ಎಂದರು ನಂದೀಶ್ವರಯ್ಯ. “ಆ ಹೆಸ್ರಿಟ್ಟೋನ್ಗೆ ಆ ಗವಿ ಗೊತ್ತಿರ್ತದೆ.”

ಹೋಟೆಲಿನವರು ಸಂಕಟ ಕೇಳಿದೊಡನೆ ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ಮಾತಾಡಿದರು. “ಅರೆ, ಆ ಗವಿ ಈಗ ಎಲ್ಲಿದೆ ಬೆಹೆನ್? ಹತ್ತು ವರ್ಷದ ಹಿಂದೆ ಬಂಡೆ ಕುಸಿದು ಬಾಯಿ ಬಂದಾಯ್ತು. ಈಗ ಖಾಲಿ ನಮ್ಮ ಗೋಡೆ ಮೇಲೆ ಫೋಟೋ ಇದೆ. ನಿಮ್ಮಪ್ಪಂಗೆ ಏನೂ ಆಗಲ್ಲ, ನಾನು ದುವಾ ಮಾಡ್ತೀನಿ.”

ಒಂದು ಹೋಯಿತು. ಪಾವಗಡಕ್ಕೆ ನಂದೀಶ್ವರಯ್ಯ ಫೋನು ಮಾಡಿದರು. ಅಲ್ಲಿ ಆಡು ಮೇಯಿಸುವ ರುದ್ರಮುನಿ ಎಂಬವರು ಸ್ಪೀಕರಿನಲ್ಲಿ ಗುಡುಗಿದರು. “ಲೇದು ಸ್ವಾಮಿ, ಇಕ್ಕಡ ಯಾರ ಕುರಿಯೂ ಬಂದಿಲ್ಲ! ಪೊದ್ದುನ್ನಿಂದ, ಕೋಳಿ ಕೂಗಿದಾಗಿಂದ ನಾನು ಗವಿ ಬಾಗ್ಲಲ್ಲೇ ಕೂತಿವ್ನಿ. ಆ ದುರ್ಗದ ಕಡೆ ನೋಡಂಡಿ!”

ಉಳಿದದ್ದು ಚನ್ನರಾಯನದುರ್ಗ.

ಕೊರಟಗೆರೆ ತಾಲ್ಲೂಕಿನ ಆ ದುರ್ಗ ಊರಿನ ಬೆನ್ನಿಗೇ ಎದ್ದು ನಿಂತಿದೆ. ಕೆಳಗೆ ಹುಣಸೆಮರಗಳು, ಮೇಲೆ ಸುತ್ತುಗೋಡೆ, ಅದರ ಮೇಲೆ ಇನ್ನೊಂದು ಗೋಡೆ, ಅದಕ್ಕೂ ಮೇಲೆ ಬರಿಯ ಬಂಡೆ ಮತ್ತು ಆಕಾಶ. ಬಿಸಿಲಿಗೆ ಕಾದ ಕಲ್ಲು ಚಪ್ಪಲಿಯ ಒಳಗಿಂದಲೂ ಸುಡುತ್ತಿತ್ತು. ಬೋಳುಬಂಡೆಯ ಮೇಲೆ ಹಿಂದಿನವರು ಕಾಲಿಡಲೆಂದು ಕೊರೆದ ಗುಳಿಗಳಲ್ಲಿ ಬೆರಳು ಊರಿ ಹತ್ತಬೇಕು. ಪ್ರಭುದೇವನ ಹೆಗಲಲ್ಲಿ ಕೈಮೈಕು, ರಕ್ಷಾಳ ಬೆನ್ನಿಗೆ ಔಷಧದ ಚೀಲ, ನಂದೀಶ್ವರಯ್ಯನವರ ಕೈಯಲ್ಲಿ ಬಿದಿರಿನ ಕೋಲು. ಅರ್ಧ ದಾರಿಯಲ್ಲಿ ರಕ್ಷಾ ಕಾಲಿಟ್ಟ ಕಲ್ಲು ಕಳಚಿತು. ಅವಳು ಎರಡಾಳು ಉದ್ದ ಜಾರಿದಳು.

ಕೋಲು ಚಾಚಿತು. ಹಿಡಿದಳು.

“ಮನೇಗೊಬ್ರು ಬಿದ್ದಿರೋದು ಸಾಕು ಕಣಮ್ಮ,” ಎಂದು ನಂದೀಶ್ವರಯ್ಯ ಮೇಲಕ್ಕೆಳೆದರು. ಅಂಗೈ ಸುಲಿದಿತ್ತು. ಅವಳು ಅದನ್ನು ನೋಡಿಕೊಳ್ಳಲೂ ಇಲ್ಲ.

ಗವಿ ಮುಟ್ಟಿದಾಗ ನಾಲ್ಕೂಮುಕ್ಕಾಲು. ಒಳಗೆ ಬಾವಲಿ ಬಿಟ್ಟರೆ ಯಾರೂ ಇಲ್ಲ. ಪ್ರಭುದೇವ್ ಊದಿದ ತುಟಿ ನೆಕ್ಕಿಕೊಂಡು, ಎದುರಿನ ಕೋಟೆಗೋಡೆಯತ್ತ ತಿರುಗಿ ಕೂಗಿದ. “ಕುಡಿಯಾಕೆ ನೀರಿಲ್ಲ!”

*ಇಲ್ಲ... ಇಲ್ಲ.*

ಎರಡು ಸಲ.

“ಇದೇ! ಇದೇ ಬೆಟ್ಟ!” ಪ್ರಭುದೇವ್ ಕುಣಿದೇಬಿಟ್ಟ. ರಕ್ಷಾ “ಅಪ್ಪಾ!” ಎಂದು ಕಿರುಚಿದಳು. ಗೋಡೆ ‘ಅಪ್ಪಾ, ಅಪ್ಪಾ’ ಎಂದಿತು. ಬೇರೆ ಉತ್ತರವಿಲ್ಲ. ಇಡೀ ಇಳಿಜಾರಿನ ತುಂಬ ಮನೆಮನೆಯಷ್ಟು ಗಾತ್ರದ ಬಂಡೆಗಳು, ನಡುವೆ ಲಂಟಾನ. ಅದರಲ್ಲಿ ಒಬ್ಬ ಮನುಷ್ಯನನ್ನು ಹುಡುಕಲು ಎರಡು ದಿನ ಬೇಕು. ಇದ್ದದ್ದು ಒಂದು ಗಂಟೆ.

“ಕುರಿ ಸದ್ದೂ ಇಲ್ಲವಲ್ಲ,” ಎಂದ ಪ್ರಭುದೇವ್.

“ಬಿಸ್ಲಿಗೆ ಒಂದ್ರ ಹೊಟ್ಟೆ ಕೆಳಗೆ ಒಂದು ತಲೆ ಇಟ್ಕೊಂಡು ಸುಮ್ನೆ ನಿಂತಿರ್ತವೆ,” ಎಂದಳು ರಕ್ಷಾ. “ಯಾರು ಕೂಗಿದ್ರೂ ಅಲ್ಲಾಡಲ್ಲ. ಅಪ್ಪ ಕೂಗಿದ್ರೆ ಮಾತ್ರ...”

ಅವಳು ಮಾತು ಮುಗಿಸುವ ಮೊದಲೇ ಅವನು ಮೈಕು ಎತ್ತಿದ್ದ. ಕುರಿಗಾಹಿಗಳಿಗೆ ಒಬ್ಬೊಬ್ಬರದೂ ಒಂದೊಂದು ಕೂಗು. ಎರಡು ಮಂದೆ ಬೆರೆತರೂ ಆ ಕೂಗಿಗೇ ಬೇರೆಯಾಗುತ್ತವೆ. ದೊಡ್ಡರಂಗಪ್ಪನವರ ಕೂಗನ್ನು ಅವರ ಅಂಗಳದಲ್ಲೇ ಕೂತು ಕಲಿತಿದ್ದ ಪ್ರಭುದೇವ್ ಹೊಟ್ಟೆಯಿಂದ ಎಳೆದು ಬಿಟ್ಟ.

“ಹೊಯ್ರ್ರ್... ತ್ರಾ ತ್ರಾ ತ್ರಾ... ಬೋ!”

 ಎಲ್ಲೋ ಕುರಿಯ ಕೊರಳಿನ ಒಂದು ಗಂಟೆಯ ಸದ್ದು. ಎರಡು. ಹತ್ತು. ಬ್ಯಾ ಬ್ಯಾ ಎಂದು ಬೆಟ್ಟವೇ ಒದರಿತು. ಬಂಡೆಗಳ ಸಂದಿಸಂದಿಯಿಂದ ಕುರಿಗಳು ಉಕ್ಕಿ ಬಂದವು. ಬಂಡೆ ಸುತ್ತಿಕೊಂಡು ಚದುರಿ, ಎಡದಿಂದ, ಬಲದಿಂದ, ಕೆಳಗಿನಿಂದ, ಹೊರಟದ್ದೆಲ್ಲಿಂದ ಎಂದು ತಿಳಿಯದಂತೆ. ಬಂದು ಪ್ರಭುದೇವನ ಮೊಣಕಾಲು ಮುಚ್ಚಿ ನಿಂತವು.

“ನೋಡಿದ್ರಾ! ನೋಡಿದ್ರಾ ಅಯ್ನೋರೆ! ಆಹಾ, ಏನು ಗಂಟಲು ನಂದು!”

ನಂದೀಶ್ವರಯ್ಯನವರ ಮುಖದಲ್ಲಿ ನಗುವಿರಲಿಲ್ಲ. “ಎಂಥಾ ಕೆಲ್ಸ ಮಾಡ್ಬುಟ್ಯೋ ಮಾರಾಯ.”

“ಯಾಕೆ?”

“ಇಷ್ಟು ಕುರಿ, ಇಷ್ಟು ಗಂಟೆ ಸುತ್ತ ಇರೋ ತಾವ ಕರಡಿ ಹಾಯಲ್ಲ ಕಣ್ಲಾ. ಅವು ನಿಂತಿದ್ದೇ ಯಜಮಾನ್ನ ಸುತ್ತ ಬೇಲಿ ಇದ್ದಂಗಿತ್ತು. ಬೇಲೀನೇ ಕಿತ್ತು ಕರ್ಕೊಂಡ್ಬಂದಿದ್ದೀಯ. ಈಗ ಅಲ್ಲಿ ಒಬ್ನೇ ಮಲ್ಗವ್ನೆ. ಎಲ್ಲಿ ಅಂತ ಕುರಿ ಹೇಳ್ತವಾ?”

ಪ್ರಭುದೇವನ ಕೈಯ ಮೈಕು ತಾನಾಗೇ ಕೆಳಗಿಳಿಯಿತು. ಹುಟ್ಟಿದಾಗಿನಿಂದ ಅವನ ದನಿ ಯಾರಿಗೂ ಇಷ್ಟು ಕೆಡುಕು ಮಾಡಿರಲಿಲ್ಲ. ಗೋಡೆಯ ನೆರಳು ಇಳಿಜಾರಿನ ಮೇಲೆ ಉದ್ದವಾಗುತ್ತಿತ್ತು. ಅವನು ರಕ್ಷಾಳ ಮುಖ ನೋಡಲಾಗದೆ ಕುರಿಗಳ ಮುಖ ನೋಡಿದ.

ರಕ್ಷಾ ಬೈಯಲಿಲ್ಲ. ಅವಳೂ ಕುರಿಗಳನ್ನೇ ನೋಡುತ್ತಿದ್ದಳು. ಒಂದೊಂದರ ಕಿವಿ, ಒಂದೊಂದರ ಮೂತಿ.

“ಬಿಳಿಮೂತಿ ಬಂದಿಲ್ಲ.”

“ಏನು?”

“ಬಿಳಿಮೂತಿ ಕುರಿ. ದಿನ ತುಂಬಿತ್ತು ಅದಕ್ಕೆ. ಅಪ್ಪ ಕೂಗಿದ್ರೂ ಬಂದಿಲ್ಲ ಅಂದ್ರೆ ಮರಿ ಹಾಕಿರ್ಬೇಕು. ಹಸಿಮರಿ ಬುಟ್ಟು ಬರಲ್ಲ ಅದು. ಅದು ಅಲ್ಲೇ ಇದೆ, ಅಪ್ಪನ ಹತ್ರ!” ಅವಳು ಅವನ ತೋಳು ಹಿಡಿದು ಅಲ್ಲಾಡಿಸಿದಳು. “ಮರಿ ಥರ ಕೂಗು. ತಾಯಿ ಓಗೊಡ್ತದೆ. ಮೈಕು ಬೇಡ. ಆಗ ತಾನೇ ಹುಟ್ಟಿದ್ದು ಮೈಕ್ ಹಿಡ್ಕೊಂಡ್ ಬರಲ್ಲ!”

ನಂದೀಶ್ವರಯ್ಯ ಕೋಲು ಅಡ್ಡ ಹಿಡಿದು ಮಂದೆಯನ್ನು ಗವಿಯೊಳಕ್ಕೆ ತಳ್ಳಿ ಸದ್ದಡಗಿಸಿದರು.  ಸಾವಿರ ಜನರೆದುರು ಹೆದರದ ಪ್ರಭುದೇವನಿಗೆ ಒಂದು ಕುರಿಯೆದುರು ಹೆದರಿಕೆಯಾಯಿತು. ಊದಿದ ತುಟಿಯನ್ನೇ ನಡುಗಿಸಿ, ತೆಳ್ಳಗೆ, ಒದ್ದೆಯಾಗಿ, ಅರ್ಧಕ್ಕೆ ಮುರಿದು ಕೂಗಿದ.

“ಮ್ಯೇ...”

ಏನಿಲ್ಲ.

“ಮ್ಯೇ... ಏ...”

ಕೆಳಗೆ, ಬಲಕ್ಕೆ, ಎರಡು ಬಂಡೆಗಳ ಆಚೆಯಿಂದ ದಪ್ಪ, ಗಾಬರಿಯ ಒಂದು ‘ಬ್ಯಾ’.

ಓಡಿದರು. ಮುಳ್ಳು ಅಂಗಿ ಹಿಡಿಯಿತು, ಹರಿದುಕೊಂಡು ಓಡಿದರು. ಎರಡನೇ ಬಂಡೆ ಸುತ್ತಿದರೆ ಆಳೆತ್ತರದ ಒಂದು ಕೊರಕಲು. ತಳದಲ್ಲಿ ಕಂಬಳಿ, ಕಂಬಳಿಯೊಳಗೆ ದೊಡ್ಡರಂಗಪ್ಪ. ಮಗ್ಗುಲಲ್ಲಿ ಬಿಳಿಮೂತಿ, ಅದರ ಕಾಲಡಿ ನಡುಗುವ ಕರಿ ಮರಿ.

ಹತ್ತು ಮಾರು ಆಚೆ ಲಂಟಾನದಲ್ಲಿ, ಇನ್ನೊಂದು ಕರಿ.

ಅದು ಮರಿಯಲ್ಲ.

ಕರಡಿಗೆ ಕುರಿ ಬೇಡ, ಗೆದ್ದಲಿದ್ದರೆ ಸಾಕು. ಆದರೆ ದಾರಿಗೆ ಅಡ್ಡ ಸಿಕ್ಕ ಮನುಷ್ಯನ ಮುಖ ಮಾತ್ರ ಅದಕ್ಕೆ ಆಗುವುದಿಲ್ಲ. ಮೂಗು ಎತ್ತಿ ಸೂಸೂ ಎಂದು ಗಾಳಿ ಎಳೆಯುತ್ತ ಅದು ಕೊರಕಲಿನತ್ತ ಇಳಿಯುತ್ತಿತ್ತು.

“ಓಡ್ಬೇಡಿ,” ಎಂದರು ನಂದೀಶ್ವರಯ್ಯ.

ಪ್ರಭುದೇವ್ ಮೈಕು ಬಾಯಿಗಿಟ್ಟು ತನಗೆ ಗೊತ್ತಿದ್ದ ಅತಿ ದೊಡ್ಡ ಹುಲಿಯನ್ನು ಗರ್ಜಿಸಿದ. ಗಣೇಶೋತ್ಸವಗಳಲ್ಲಿ ಶಿಳ್ಳೆ ಗಿಟ್ಟಿಸಿದ ಗರ್ಜನೆ ಅದು. ಕರಡಿ ಎರಡು ಕಾಲ ಮೇಲೆ ಎದ್ದು ನಿಂತು, ಕುತ್ತಿಗೆ ಓರೆ ಮಾಡಿ ನೋಡಿತು. ಜನ್ಮದಲ್ಲಿ ಹುಲಿ ಕಾಣದ ಕರಡಿ. ಗೊರಗೊರ ಎಂದು ನುಗ್ಗಿತು.

ನಂದೀಶ್ವರಯ್ಯ ಕೋಲು ಬೀಸಿದರು. ರಕ್ಷಾ ಕೊರಕಲಿಗೆ ಧುಮುಕಿ ಅಪ್ಪನ ಮೇಲೆ ಕವುಚಿಕೊಂಡಳು. ಹಿಂದೆ ಹೆಜ್ಜೆಯಿಟ್ಟ ಪ್ರಭುದೇವ್ ಎಡವಿದ, ಮೈಕು ಕೈಜಾರಿತು, ಹಿಡಿಯಲು ಹೋದ ಹೆಬ್ಬೆರಳು ಅದರ ಹಿಡಿಕೆಯ ಸೈರನ್ ಗುಂಡಿಯ ಮೇಲೆ ಬಿತ್ತು.

ಊಂಯ್ಯ್ಯ್ಯ್!

ಕೋಟೆಗೋಡೆ ಅದನ್ನು ಎರಡು ಸಲ ವಾಪಸ್ಸು ಎಸೆಯಿತು. ಮೂರು ದಿಕ್ಕಿನಿಂದ ಮೂರು ಸೈರನ್. ಕರಡಿ ಗಕ್ಕನೆ ನಿಂತಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ತಿರುಗಿ ಲಂಟಾನ ಸೀಳಿಕೊಂಡು ಕಿತ್ತಿತು ಓಟ.

ಪ್ರಭುದೇವ್ ಗುಂಡಿ ಬಿಡಲೇ ಇಲ್ಲ. ನಂದೀಶ್ವರಯ್ಯ ಬಂದು ಬೆರಳು ಬಿಡಿಸಬೇಕಾಯಿತು.

“ಹೋಯ್ತು ಬುಡ್ಲಾ. ಪಾವಗಡ ಮುಟ್ಟಿರ್ತದೆ.”

ಕೊರಕಲಲ್ಲಿ ರಕ್ಷಾ ಅಪ್ಪನ ತುಟಿಗೆ ಹನಿಹನಿಯಾಗಿ ನೀರು ಬಿಡುತ್ತಿದ್ದಳು. ಮುದುಕರ ಕಣ್ಣು ತೆರೆಯಿತು. “ಯಾವಳವ್ವಾ... ರಕ್ಷಾನಾ?” ಎಂದರು. ಮತ್ತೆ, “ಕುರಿ?”

“ಎಲ್ಲಾ ಅವೆ ಅಪ್ಪ. ಸುಮ್ನಿರು.” ಪಕ್ಕದಲ್ಲಿ ಬಿದ್ದಿದ್ದ ಅಪ್ಪನ ಕೊಡೆಯ ಕಡ್ಡಿಗಳನ್ನು ಕಿತ್ತೆಸೆದು ಅದರ ದಂಡವನ್ನೇ ಕಾಲಿಗೆ ದಬ್ಬೆ ಕಟ್ಟಿದಳು.  

ಸೈರನ್ ಕೇಳಿ ಊರಿನಿಂದ ಐದಾರು ಜನ ಹತ್ತಿ ಬಂದರು. ಬಿದಿರು ಕೋಲುಗಳಿಗೆ ಕಂಬಳಿ ಕಟ್ಟಿ ಹೊರುವ ಜೋಲಿಯಾಯಿತು. ಬೋಳುಬಂಡೆಯಲ್ಲಿ ಹಗ್ಗ ಬಿಟ್ಟು, ಕೂತು, ತೆವಳಿ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತ ಇಳಿಸಿದರು. ಬುಡ ಮುಟ್ಟಿದಾಗ ಬಾನಲ್ಲಿನ್ನೂ ಕೆಂಪು ಉಳಿದಿತ್ತು. ಆಂಬುಲೆನ್ಸು ಕಾಯುತ್ತಿತ್ತು.

ಬಾಗಿಲು ಹಾಕುವ ಹೊತ್ತಿಗೆ, ಹಿಂದೆಯೇ ಇಳಿದು ಬಂದಿದ್ದ ಅರವತ್ತು ಕುರಿಗಳೂ ಆಂಬುಲೆನ್ಸಿಗೆ ಅಡ್ಡ ನಿಂತವು. ಊರಿನವರು ಹೆದರಿಸಿದರೂ ಸರಿಯಲಿಲ್ಲ.

ದೊಡ್ಡರಂಗಪ್ಪ ಒಳಗಿಂದಲೇ ಪ್ರಭುದೇವನನ್ನು ಕರೆದರು. ಬೆಳಗಿಂದ ಕೂಗಿ ಕೂಗಿ ದನಿ ಗಂಟಲಲ್ಲೇ ಉಳಿದಿತ್ತು. “ನನ್ನಂಗೆ ಕೂಗಿದ್ದು ನೀನೇನಪ್ಪ?”

“ತಪ್ಪಾಯ್ತು ಯಜಮಾನ್ರೆ. ಎಲ್ಲಾ ನಿಮ್ಮನ್ನ ಬುಟ್ಟು ಬಂದ್ಬುಟ್ವು.”

“ನಂಗೂ ಆಶ್ಚರ್ಯ ಆಯ್ತು ಕಣ್ಲಾ. ನಾನಿಲ್ಲಿ ಬಿದ್ದಿವ್ನಿ, ಅಲ್ಲಿ ಇನ್ಯಾವ ‘ನಾನು’ ಕೂಗ್ತಾವ್ನೆ ಅಂತ.” ಮುದುಕರು ನೋವಿನಲ್ಲೂ ಹಲ್ಲು ಬಿಟ್ಟರು. “ಕೂಗಿದೋನೇ ಮನೆ ಮುಟ್ಟಿಸ್ಬೇಕು. ಅದು ನಮ್ಮೋರ ಪದ್ಧತಿ. ಕರ್ಕೊಂಡು ನಡಿ.”

“ಜೀಪಲ್ಲಾ?”

“ಕಾಲಲ್ಲಿ.”

ಆಂಬುಲೆನ್ಸು ಹೊರಟಿತು. ಮಂದೆ ಪ್ರಭುದೇವನ ಕಡೆ ತಿರುಗಿತು.

ಮರುದಿನ ನಸುಕಿನಲ್ಲೇ ಹೊರಟು, ಹೊಲ, ಕೆರೆ ಏರಿ, ಹೆದ್ದಾರಿ ದಾಟಿ ನಡೆದ. ನೂರು ದನಿ ಬಲ್ಲವನಿಗೆ ಇಡೀ ದಿನ ಒಂದೇ ದನಿ. ಬದಲಾಯಿಸಿದರೆ ಕುರಿ ನಿಲ್ಲುತ್ತಿದ್ದವು. ಹಿಂದೆ ಜೀಪು ಓಡಿಸುತ್ತಿದ್ದ ನಂದೀಶ್ವರಯ್ಯ, ಮುಂದಿನ ಸೀಟಿನಲ್ಲಿ ಬಿಳಿಮೂತಿಯನ್ನೂ ಅದರ ಮರಿಯನ್ನೂ ಕೂರಿಸಿಕೊಂಡು, ಪ್ರತಿ ಮೈಲಿಗೊಮ್ಮೆ “ಸೆಂಟು ವಾಸ್ನೆ ಈಗ ಹೋಯ್ತು ನೋಡು” ಎಂದು ಮೈಕಿನಲ್ಲಿ ಸಾರುತ್ತಿದ್ದರು. ಮಧ್ಯಾಹ್ನ ರಕ್ಷಾಳ ಫೋನು ಬಂತು. ಆಪರೇಷನ್ ಆಯಿತು, ಕಾಲು ಉಳಿಯಿತು, ಮೂರು ತಿಂಗಳು ನಡೆಯುವಂತಿಲ್ಲ.

ಸೂರ್ಯ ಬಾಗುವ ಹೊತ್ತಿಗೆ ಊರು ಕಂಡಿತು. ಪ್ರಭುದೇವ್ ಬಿರುಕುಬಿಟ್ಟ ಗಂಟಲಲ್ಲಿ ಕೂಗಿದ. “ಹೊಯ್ರ್ರ್... ತ್ರಾ ತ್ರಾ ತ್ರಾ... ಬೋ!”

ಕೊನೆಯ ಮನೆಯಿಂದ ಕೊಲ್ಲಾಪುರಮ್ಮ ಹೊರಗೆ ಓಡಿ ಬಂದರು. ಒದ್ದೆ ಕೈ, ಬಿಚ್ಚಿದ ಸೆರಗು. ಮಂದೆಯ ಮೇಲಿಂದ ಹಾದು ಬಂದ ಅವರ ಕಣ್ಣು ಪ್ರಭುದೇವನ ಮೇಲೆ ನಿಂತಿತು. ಹೆಜ್ಜೆಯೂ ನಿಂತಿತು.

“ಆಸ್ಪತ್ರೆಯಾಗವ್ರೆ ಅಂತ ಗೊತ್ತು ಕಣಪ್ಪ,” ಎಂದರು ತಡೆದು. “ಆದ್ರೂ ಕೂಗು ಕೇಳಿದ್ ತಕ್ಷಣ ಕಾಲು ಓಡ್ಬುಡ್ತು.”

ಪ್ರಭುದೇವ್ ಜೀಪಿನಿಂದ ಮರಿಯನ್ನೆತ್ತಿ ಅವರ ಕೈಗಿಟ್ಟ. ಅವರು ಅದರ ಮೂತಿ ಒರೆಸಿ, ಹಟ್ಟಿಯ ತಡಿಕೆ ಸರಿಸಿದರು. ಕುರಿಗಳು ಒಂದರ ಹಿಂದೊಂದು ಒಳಗೆ ಹೋದವು. ಎಲ್ಲ ಸೇರಿದ ಮೇಲೆ ಅವರು ತಿರುಗಿ ನೋಡಿ ಹೇಳಿದರು.

“ನಿಂತೇ ಇದ್ದೀಯಲ್ಲ, ಕೈಕಾಲು ತೊಳ್ಕೊಂಡು ಬಾ. ನಾಳೆ ಯಾವ ಹೊಲಕ್ಕೆ ಮಂದೆ ಅಂತ ಬೆಳಿಗ್ಗೆ ಹೇಳ್ತೀನಿ.”